ಮೂರು ಫಾನ್‌ಗಳೂ ಅಮ್ಮನ ಹುಣಸೆಹಣ್ಣೂ

ಇಟಲಿಯ ನೇಪಲ್ಸ್‌ನ ಮ್ಯೂಸಿಯಂನಲ್ಲಿ ಕುಣಿಯುವ ಫಾನ್‌ನ ಎದುರು ಅರ್ಧ ಗಂಟೆ ನಿಂತಿದ್ದೆ. ರೋಮನ್ನರ ಕಾಡುದೇವತೆಯ ಕಂಚಿನ ಮೂರ್ತಿ, ಎತ್ತರ ಬರೀ 71 ಸೆಂಟಿಮೀಟರ್. ಗಡ್ಡ, ಪುಟ್ಟ ಕೊಂಬು, ಗಿಡ್ಡ ಬಾಲ. ಎರಡೂ ಕೈ ಮೇಲೆತ್ತಿ ತುದಿಗಾಲಲ್ಲಿ ಕುಣಿಯುತ್ತಾನೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪೊಂಪೇಯಿ ಪಟ್ಟಣದ ಒಂದು ದೊಡ್ಡ ಮನೆಯಲ್ಲಿ 1830ರಲ್ಲಿ ಸಿಕ್ಕವನು. ನಮ್ಮ ತೊಟ್ಟಿಮನೆಯಂಥದೇ ಮನೆ ಅದು. ಅಲ್ಲಿನ ತೊಟ್ಟಿಯಲ್ಲಿ ಈಗ ಕುಣಿಯುತ್ತಿರುವವನು ನಕಲಿ.

ಅಸಲಿ ಅಂತೂ ಸಿಗೋದಿಲ್ಲ. ಆ ಹುಚ್ಚಿಗೆ ನಾನು ಮೂರು ಹಳೆಯ ನಕಲು ಕೊಂಡೆ. ಮೂರೂ ಸುಮಾರು 30 ಸೆಂಟಿಮೀಟರ್.

ಒಂದು ಹಸಿರು, ಒಂದು ಕಪ್ಪು. 19ನೇ ಶತಮಾನದ ಕೊನೆಗೆ ಕಿಯುರಾಜಿಯಂಥ ನೇಪಲ್ಸ್‌ನ ಎರಕದ ಮನೆಗಳು ಗಿರಾಕಿಗೆ ಬಣ್ಣ ಆರಿಸಲು ಬಿಡುತ್ತಿದ್ದವು. ತಿಳಿ ಹಸಿರು ಬೇಕಾದರೆ 'ಪೊಂಪೇಯಿ', ಕಪ್ಪಗೆ ಬೇಕಾದರೆ 'ಹರ್ಕ್ಯುಲೇನಿಯಂ', ಪೊಂಪೇಯಿಯ ಜೊತೆಗೇ ಹೂತುಹೋದ ಇನ್ನೊಂದು ಊರಿನ ಹೆಸರು. ಅಂದರೆ ದುಡ್ಡು ಕೊಟ್ಟು ಕಿಲುಬು ಹಿಡಿಸಿಕೊಳ್ಳುವುದು!

ಮೊದಲು ನನಗೆ ಹಸಿರೇ ಇಷ್ಟವಾಗಿತ್ತು. ನೆಲದಿಂದ ಈಗಷ್ಟೇ ತೆಗೆದಂತೆ ಕಾಣುತ್ತದೆ, ಅಲ್ವಾ? ಆದರೆ ವಾರ ಕಳೆಯುವಷ್ಟರಲ್ಲಿ ಬೇಸರ ಬಂತು. ಗಡ್ಡದ ಸುರುಳಿಗಳೆಲ್ಲ ಹಸಿರಿನಲ್ಲಿ ಮುಚ್ಚಿಹೋಗಿವೆ. ಅಳೆದು ನೋಡಿದರೆ ಕಪ್ಪಿನವನಿಗಿಂತ ಅರ್ಧ ಸೆಂಟಿಮೀಟರ್ ಗಿಡ್ಡ ಬೇರೆ. ಕಂಚು ಆರುವಾಗ ಶೇಕಡಾ ಒಂದೂವರೆ, ಎರಡರಷ್ಟು ಕುಗ್ಗುತ್ತದೆ. ನಕಲಿನ ಮೇಲೇ ಅಚ್ಚು ತೆಗೆದು ಮತ್ತೆ ಎರಕ ಹೊಯ್ದರೆ ಗಿಡ್ಡವಾಗುತ್ತದೆ, ಮುಖವೂ ಮೊಂಡಾಗುತ್ತದೆ. ಇವನು ನಕಲಿನ ನಕಲು ಅನ್ನುವುದು ನನ್ನ ಅನುಮಾನ.

ಕಪ್ಪಿನವನೇ ವಾಸಿ. ಸಂಜೆ ದೀಪ ಹಾಕಿದರೆ ಬೆನ್ನಿನ ತಿರುವು, ಪಕ್ಕೆಲುಬು, ಬೆರಳ ಗೆಣ್ಣು ಎಲ್ಲ ಬೇರೆಬೇರೆಯಾಗಿ ಎದ್ದು ಕಾಣುತ್ತವೆ.

ಮೂರನೆಯವನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸಂತೆಯಲ್ಲಿ ಕಂಚು ಅಂತ ಕೊಟ್ಟರು. ಉಗುರಿನಿಂದ ತಟ್ಟಿದರೆ ಟಪ್ ಅಂತು, ಬೆರಳುಗಳು ಕೋಡುಬಳೆಯ ಹಾಗೆ ಅಂಟಿಕೊಂಡಿವೆ. ತಳದಲ್ಲಿ ಸುಮ್ನೆ ಒಂದು ಗೀರು ಎಳೆದೆ. ಬೆಳ್ಳಗೆ ಬಂತು, ಸತು! ಕಂಚಾಗಿದ್ದರೆ ಹಳದಿ ಬರಬೇಕಿತ್ತು.

ಹಸಿರಿನವನಿಗೆ ಈ ಪರೀಕ್ಷೆ ನಾನು ಮಾಡಬೇಕಾಗಿ ಬರಲಿಲ್ಲ. ಊರಿಂದ ಬಂದ ಅಮ್ಮ, 'ಎಷ್ಟು ಕಿಲುಬು ಹಿಡಿದಿದೆಯೋ' ಅಂತ ಹುಣಸೆಹಣ್ಣು ಹಚ್ಚಿ ಬಲಗಾಲು ತಿಕ್ಕಿಬಿಟ್ಟಿದ್ದರು. ನಾನು ಓಡಿಬರುವಷ್ಟರಲ್ಲಿ ಮೊಣಕಾಲಿನವರೆಗೆ ಹಳದಿ, ಪೂಜೆಯ ಗಂಟೆಯ ಹಾಗೆ ಫಳಫಳ.