ಗೂಗಲ್ ಅರ್ಥ್ ಮತ್ತು ಸ್ಟ್ರೀಟ್ ವ್ಯೂ: ಕಲಬುರಗಿಯ ಭೂಗೋಳ ಶಿಕ್ಷಕರೊಬ್ಬರ ವಿಮರ್ಶೆ

ಜಗತ್ತಿನ ನಗರಗಳಲ್ಲಿ ಅಭಿವೃದ್ಧಿ ಹೇಗೆ ಹಂಚಿಹೋಗಿದೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ಕಣ್ಣಾರೆ ತೋರಿಸಲು, ಭೂಮಿಯನ್ನು ಉಪಗ್ರಹ ಚಿತ್ರಗಳಲ್ಲಿ ತೋರಿಸುವ ಗೂಗಲ್ ಅರ್ಥ್‌ನಷ್ಟು ಸಮರ್ಥವಾದ ಉಚಿತ ಸಾಧನ ನನಗೆ ಬೇರೊಂದು ಸಿಕ್ಕಿಲ್ಲ. ಕೀಹೋಲ್ ಎಂಬ ಸಂಸ್ಥೆಯ ತಂತ್ರಜ್ಞಾನವನ್ನು ಆಧರಿಸಿ 2005ರಲ್ಲಿ ಬಂದ ಈ ಸೇವೆಯನ್ನು ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ಬಳಸುವುದೇ ಮೇಲು.

ಮೇಲಿನಿಂದ ತೆಗೆದ ಚಿತ್ರವನ್ನು ಓದುವ ಅಭ್ಯಾಸ ನಮ್ಮೂರಿನಿಂದಲೇ ಆರಂಭವಾಗಬೇಕು. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಾ ಮಸೀದಿಗೆ ತೆರೆದ ಅಂಗಳವಿಲ್ಲದೆ ಪೂರ್ತಿ ಚಾವಣಿಯೇ ಇರುವುದರಿಂದ, ಅದರ ಸಾಲು ಸಾಲು ಗುಮ್ಮಟಗಳನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ. 2019ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ರನ್‌ವೇಯನ್ನು ಅಳತೆಪಟ್ಟಿಯ ಸೌಲಭ್ಯದಿಂದ ಅಳೆದರೆ ಸುಮಾರು 3.2 ಕಿ.ಮೀ. ಬರುತ್ತದೆ, ಹೀಗೆ ಅಳತೆಯ ಅಂದಾಜು ಸಿಕ್ಕ ಮೇಲೆ ಪರದೇಶದ ನಗರಗಳು ಸುಲಭವಾಗಿ ಅರ್ಥವಾಗುತ್ತವೆ.

ಕೀನ್ಯಾದ ರಾಜಧಾನಿ ನೈರೋಬಿಯ ಕೊಳೆಗೇರಿ ಕಿಬೆರಾವನ್ನು ಹುಡುಕಿದರೆ, ತುಕ್ಕು ಹಿಡಿದ ತಗಡಿನ ಚಾವಣಿಗಳು ಒಂದಕ್ಕೊಂದು ತಾಗಿಕೊಂಡಿರುವುದು, ಅದರ ಮಗ್ಗುಲಲ್ಲೇ ರಾಯಲ್ ನೈರೋಬಿ ಗಾಲ್ಫ್ ಕ್ಲಬ್ಬಿನ ವಿಶಾಲ ಹಸಿರು ಹರಡಿರುವುದು ಒಂದೇ ಪರದೆಯಲ್ಲಿ ಕಾಣುತ್ತದೆ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಪರೈಸೊಪೊಲಿಸ್ ಎಂಬ ಕೊಳೆಗೇರಿಯ ಒತ್ತೊತ್ತಾದ ಇಟ್ಟಿಗೆ ಮನೆಗಳಿಗೆ ಹೊಂದಿಕೊಂಡೇ ಶ್ರೀಮಂತರ ಬಡಾವಣೆ ಮೊರುಂಬಿಯ ಈಜುಕೊಳಗಳುಳ್ಳ ಬಹುಮಹಡಿ ಕಟ್ಟಡಗಳಿವೆ. ತಲಾ ಆದಾಯದ ಸರಾಸರಿ ಅಂಕಿಯೊಳಗೆ ಅಡಗಿಹೋಗುವ ಅಸಮಾನತೆ ಇಲ್ಲಿ ಎದುರಿಗೇ ಬಂದು ನಿಲ್ಲುತ್ತದೆ, ಮತ್ತು ಬಡ ದೇಶ, ಶ್ರೀಮಂತ ದೇಶ ಎಂಬ ಪಠ್ಯಪುಸ್ತಕದ ವಿಂಗಡಣೆ ಸಾಲದು ಎಂದು ಮಕ್ಕಳಿಗೇ ಅನ್ನಿಸುತ್ತದೆ.

ಟೈಮ್‌ಲ್ಯಾಪ್ಸ್ ಸೌಲಭ್ಯ 1984ರಿಂದ ಈಚೆಗಿನ ಬದಲಾವಣೆಯನ್ನು ತೋರಿಸುತ್ತದೆ. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಚೀನಾದ ಶೆನ್‌ಜೆನ್ ಹೊಲಗದ್ದೆಗಳನ್ನು ನುಂಗುತ್ತ ಬೆಳೆದ ಬಗೆಯನ್ನು ಇದರಲ್ಲಿ ನೋಡಲೇಬೇಕು. ಆದರೆ ಹಳೆಯ ವರ್ಷಗಳಿಗೆ ಆಧಾರವಾದ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ 30 ಮೀಟರ್. ಆದ್ದರಿಂದ ಊರು ಹಬ್ಬಿದ್ದು ತಿಳಿಯುತ್ತದೆಯೇ ಹೊರತು ಮನೆ ತಿಳಿಯುವುದಿಲ್ಲ.

ಬೀದಿಯ ಮಟ್ಟಕ್ಕೆ ಇಳಿಸುವ ಸ್ಟ್ರೀಟ್ ವ್ಯೂ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಬೇಸರವೂ ಇದೆ. ಅಮೆರಿಕದಲ್ಲಿ 2007ರಲ್ಲೇ ಆರಂಭವಾದ ಈ ಸೇವೆಯ ಚಿತ್ರೀಕರಣವನ್ನು 2011ರಲ್ಲಿ ಬೆಂಗಳೂರಿನ ಪೊಲೀಸರು ತಡೆದಿದ್ದರು. 2022ರಲ್ಲಿ ಭಾರತದ ಹತ್ತು ನಗರಗಳಲ್ಲಿ ಅದು ಮತ್ತೆ ಬಂದಾಗ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ. ಹಿಂದುಳಿದಿರುವಿಕೆಯ ಕಾರಣಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಪಡೆದ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಒಂದು ಊರೂ ಆ ಪಟ್ಟಿಯಲ್ಲಿರಲಿಲ್ಲ. ಕ್ಯಾಮೆರಾ ಹೊತ್ತ ಕಾರು ಯಾವ ಊರಿಗೆ ಮೊದಲು ಹೋಗುತ್ತದೆ, ಊರೊಳಗೆ ಯಾವ ಓಣಿಯ ಬಾಯಲ್ಲೇ ನಿಂತುಬಿಡುತ್ತದೆ ಎಂಬುದನ್ನೂ ಅಭಿವೃದ್ಧಿಯ ಅಂತರದ ಪಾಠವಾಗಿಯೇ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಕ್ಕಪಕ್ಕದ ಚಿತ್ರಗಳು ಬೇರೆ ಬೇರೆ ವರ್ಷಗಳವು ಆಗಿರಬಹುದಾದ್ದರಿಂದ ಎರಡು ನಗರಗಳನ್ನು ಹೋಲಿಸುವ ಮೊದಲು ದಿನಾಂಕವನ್ನು ನೋಡಿಕೊಳ್ಳಬೇಕು. ಮನೆಯ ನಲ್ಲಿಯಲ್ಲಿ ನೀರು ಬರುತ್ತದೆಯೇ, ಶಾಲೆಯಲ್ಲಿ ಶಿಕ್ಷಕರಿದ್ದಾರೆಯೇ ಎಂಬುದನ್ನು ಯಾವ ಚಿತ್ರವೂ ಹೇಳಲಾರದು. ನಮ್ಮ ಜಿಲ್ಲೆಯ ಮಟ್ಟಿಗೆ ಕೃಷಿಭೂಮಿ ಎಷ್ಟು, ಕಟ್ಟಡಗಳ ಪ್ರದೇಶ ಎಷ್ಟು, ಪಾಳುಭೂಮಿ ಎಷ್ಟು ಎಂದು ತಿಳಿಯಬೇಕಾದಾಗ ಇಸ್ರೋ 2009ರಲ್ಲಿ ಆರಂಭಿಸಿದ ಭುವನ್ ಜಾಲತಾಣದ ಭೂಬಳಕೆ ನಕ್ಷೆಗಳೇ ಹೆಚ್ಚು ಉಪಯುಕ್ತವಾಗಿದ್ದು, ನಾನು ಎರಡನ್ನೂ ಜೊತೆಯಾಗಿ ಬಳಸುತ್ತೇನೆ.