ಅಣ್ಣನ ಮೆಷಿನ್ ಕೋಡ್ ಓದಲು ಫ್ಯೂಸ್: ಬಳಸಿ ನೋಡಿ ಬರೆದದ್ದು

ನಿಮ್ಮ ಮನೆಯ ಅಟ್ಟದಲ್ಲಿ ಎಂಬತ್ತರ ದಶಕದ ನೋಟ್‌ಬುಕ್ ಸಿಕ್ಕಿ, ಅದರ ತುಂಬ 3ಇ, 21, ಸಿ9 ಅಂತ ಎರಡೆರಡು ಅಕ್ಷರಗಳ ಸಾಲು (ಮೆಷಿನ್ ಕೋಡ್, ಅಂದರೆ ಕಂಪ್ಯೂಟರಿನ ಚಿಪ್ ನೇರವಾಗಿ ಓದುವ ಸೂಚನೆಗಳು) ಇದ್ದರೆ, ರದ್ದಿಗೆ ಹಾಕುವ ಮುಂಚೆ ಫ್ಯೂಸ್ ಇಳಿಸಿಕೊಂಡು ನೋಡಿ. ಇದು ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಹಳೇ ಕಂಪ್ಯೂಟರಿನ ಎಮ್ಯುಲೇಟರ್, ಅಂದರೆ ಆ ಯಂತ್ರದ ಹಾಗೇ ನಡೆದುಕೊಳ್ಳುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಆ ಯಂತ್ರದ ಚಿಪ್ಪಿನಲ್ಲೇ ಇದ್ದ ಮೂಲ ಸಾಫ್ಟ್‌ವೇರಿನ (ROM) ಕಾಪಿರೈಟ್ ಇಟ್ಟುಕೊಂಡಿದ್ದ ಆಮ್‌ಸ್ಟ್ರಾಡ್ ಕಂಪನಿ ಎಮ್ಯುಲೇಟರ್ ಜೊತೆ ಅದನ್ನು ಹಂಚಲು ಒಪ್ಪಿಗೆ ಕೊಟ್ಟಿತ್ತು, ಹಾಗಾಗಿ ಕಳ್ಳಮಾಲಿನ ಚಿಂತೆಯೂ ಇಲ್ಲ. ಎಮ್ಯುಲೇಟರ್ ಅಂದರೆ ಹಳೇ ಆಟ ಆಡೋಕೆ ಅಂತ ಅಂದುಕೊಳ್ಳುವವರೇ ಜಾಸ್ತಿ. ನನಗೆ ಬೇಕಾಗಿದ್ದು ಅಣ್ಣನ ಕೈಬರಹ ಓದೋಕೆ.

ಅಣ್ಣ ಇಂಜಿನಿಯರಿಂಗ್ ಓದುವಾಗ ನಮ್ಮ ಮೈಸೂರಿನ ಮನೆಗೆ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಬಂದಿತ್ತು. ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್‌ನವರು 1986ರಲ್ಲಿ ಲೈಸೆನ್ಸ್ ಮೇಲೆ ಮಾರಾಟಕ್ಕೆ ತಂದ ಯಂತ್ರ ಅದು. 48ಕೆ ಮೆಮೊರಿ, ಒಳಗೆ 3.5 ಮೆಗಾಹರ್ಟ್ಸ್‌ನ ಝಡ್80 ಚಿಪ್. ಮನೆಯ ಟಿವಿಯೇ ಸ್ಕ್ರೀನ್, ಬರೆದದ್ದನ್ನು ಉಳಿಸಿಡೋಕೆ ಟೇಪ್ ರೆಕಾರ್ಡರ್. ಬರೆದ ಸೂಚನೆಯನ್ನು ತಾನೇ ಮೆಷಿನ್ ಕೋಡ್ ಮಾಡಿಕೊಡುವ ಅಸೆಂಬ್ಲರ್ ಕ್ಯಾಸೆಟ್ ನಮ್ಮ ಹತ್ತಿರ ಇರಲಿಲ್ಲ. ಕಾಲೇಜಿನ 8085 ಮೈಕ್ರೊಪ್ರೊಸೆಸರ್ ಲ್ಯಾಬಿನಲ್ಲಿ ಕಲಿತ ಹಾಗೇ ಅಣ್ಣ ಲಾಂಗ್ ನೋಟ್‌ಬುಕ್ಕಿಗೆ ಸ್ಕೇಲಿನಲ್ಲಿ ಗೆರೆ ಎಳೆದು ಅಡ್ರೆಸ್ (ಮೆಮೊರಿಯಲ್ಲಿನ ಜಾಗ), ಆಪ್‌ಕೋಡ್ (ಸೂಚನೆಯ ಸಂಖ್ಯೆ), ನಿಮೋನಿಕ್ (ಅದರ ಚುಟುಕು ಹೆಸರು) ಅಂತ ಕಾಲಂ ಮಾಡಿ, ಕೋಷ್ಟಕ ನೋಡಿಕೊಂಡು ಒಂದೊಂದೇ ಬೈಟ್ ಬರೆಯುತ್ತಿದ್ದ. ಆಮೇಲೆ ಅದನ್ನು ಹೆಕ್ಸ್‌ನಿಂದ (ಹದಿನಾರರ ಲೆಕ್ಕ, 10ರಿಂದ 15ರವರೆಗೆ ಎಯಿಂದ ಎಫ್ ಅಕ್ಷರ) ಡೆಸಿಮಲ್‌ಗೆ ತಿರುಗಿಸಿ, ಬೇಸಿಕ್ ಭಾಷೆಯ ಪೋಕ್ ಆಜ್ಞೆಯಿಂದ ಮೆಮೊರಿಗೆ ಹಾಕುವುದು. ಕೊನೆಗೆ ರ‍್ಯಾಂಡಮೈಜ್ ಯುಎಸ್ಆರ್ 32000 (32000ನೇ ಅಡ್ರೆಸ್‌ನಿಂದ ಓಡಿಸು) ಅಂತ ಕೊಟ್ಟು, ಉಸಿರು ಬಿಗಿಹಿಡಿದು ಟಿವಿ ನೋಡುವುದು.

ಫ್ಯೂಸ್‌ನಲ್ಲಿ ನನಗೆ ಮನಸಾರೆ ಹಿಡಿಸಿದ್ದು ಅದರ ಡೀಬಗರ್, ಅಂದರೆ ಓಡುವ ಕೋಡನ್ನು ನಿಲ್ಲಿಸಿ ಒಳಗೆ ಇಣುಕುವ ಸಾಧನ. ಮೆಷಿನ್ ಮೆನುವಿನಲ್ಲಿ ಸಿಗುತ್ತದೆ. ತೆರೆದರೆ ರಿಜಿಸ್ಟರುಗಳು (ಚಿಪ್ಪಿನೊಳಗೆ ಸಂಖ್ಯೆ ಇಡುವ ಪುಟ್ಟ ಜಾಗಗಳು), ಸ್ಟ್ಯಾಕ್ (ವಾಪಸ್ ಹೋಗುವ ಅಡ್ರೆಸ್ ಮುಂತಾದವು ಇರುವ ಮೆಮೊರಿ), ಆ ಕ್ಷಣ ಓಡುತ್ತಿರುವ ಸೂಚನೆಗಳು ಎಲ್ಲ ಒಂದೇ ಕಿಟಕಿಯಲ್ಲಿ ಕಾಣುತ್ತವೆ. ಬೇಕಾದ ಅಡ್ರೆಸ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ, ಅಲ್ಲಿ ನಿಲ್ಲಿಸಿ ಒಂದೊಂದೇ ಹೆಜ್ಜೆ ನಡೆಸಬಹುದು. ಇದರ ಬೆಲೆ ಗೊತ್ತಾಗಬೇಕಾದರೆ ಒಂದು ಪುಟದ ಕಥೆ ಹೇಳಬೇಕು.

ಟಿವಿಯ ಅಂಚಿಗೆ ಬಣ್ಣ ಹಾಕುವ ಪುಟ್ಟ ಕೋಡ್ ಅದು. ಆ ಪುಟದಲ್ಲಿ ನಿಮೋನಿಕ್ ಕಾಲಂ ಖಾಲಿ, ಬರೀ ಆಪ್‌ಕೋಡ್. ಹೆಕ್ಸ್‌ನಲ್ಲಿ 7ಡಿ00ಯಿಂದ ಶುರು, ಅಂದರೆ 32000. ಮೊದಲು ಅಂಚಿಗೆ ಕೆಂಪು. ಆಮೇಲೆ ಸ್ವಲ್ಪ ಹೊತ್ತು ಕಾಯಲು ಒಂದು ಲೂಪ್. ಬಿ-ಸಿ (BC) ಅನ್ನುವ ರಿಜಿಸ್ಟರಿಗೆ ದೊಡ್ಡ ಸಂಖ್ಯೆ ತುಂಬಿ, ಸೊನ್ನೆಯಾಗುವವರೆಗೂ ಒಂದೊಂದೇ ಕಳೆಯುತ್ತಾ ಹೋಗುವುದು. ಲೂಪಿನ ಕೊನೆಯ ಎರಡು ಬೈಟ್: ಮೊದಲನೆಯದು 20, ಸೊನ್ನೆ ಆಗಿಲ್ಲದಿದ್ದರೆ ಜಿಗಿ ಅಂತ, ಸ್ಪಷ್ಟ. ಎರಡನೆಯದು ಎಫ್‌ಬಿಯೋ, ಎಫ್8ಓ? ಇಂಕ್ ಹರಡಿ ಎಂಟಕ್ಕೂ ಬಿಗೂ ವ್ಯತ್ಯಾಸವೇ ಉಳಿದಿಲ್ಲ.

ಎರಡನ್ನೂ ಹಾಕಿ ನೋಡಿದೆ. ಎಫ್‌ಬಿ ಅಂದರೆ ಐದು ಬೈಟ್ ಹಿಂದಕ್ಕೆ ಜಿಗಿ ಅಂತ. ಡೀಬಗರ್ ತಾನೇ ಲೆಕ್ಕ ಹಾಕಿ 7ಡಿ07ಕ್ಕೆ ಅಂತ ತೋರಿಸಿತು. ಒಂದು ಕಳೆಯುವ ಸೂಚನೆ ಇರುವುದು ಅಲ್ಲೇ. ಎಫ್8 ಅಂದರೆ ಎಂಟು ಬೈಟ್ ಹಿಂದಕ್ಕೆ, 7ಡಿ04ಕ್ಕೆ. ಅಲ್ಲಿರುವುದು ಬಿ-ಸಿಗೆ ದೊಡ್ಡ ಸಂಖ್ಯೆ ತುಂಬುವ ಸೂಚನೆ! ಹೆಜ್ಜೆ ಹೆಜ್ಜೆಯಾಗಿ ನಡೆಸಿದರೆ ಕಣ್ಣೆದುರೇ ಕಾಣುತ್ತದೆ: ಬಿ-ಸಿಯಲ್ಲಿ ಹೆಕ್ಸ್ 4000 ಇದ್ದದ್ದು 3ಎಫ್‌ಎಫ್‌ಎಫ್ ಆಗುತ್ತದೆ, ಜಿಗಿಯುತ್ತದೆ, ಮತ್ತೆ 4000. ಯಾವತ್ತೂ ಸೊನ್ನೆ ಮುಟ್ಟುವುದೇ ಇಲ್ಲ. ಆ ಕಾಲದಲ್ಲಾಗಿದ್ದರೆ ಯಂತ್ರ ಸುಮ್ನೆ ನಿಂತುಬಿಡುತ್ತಿತ್ತು. ರೀಸೆಟ್ ಒತ್ತಬೇಕು, ಎಲ್ಲ ಮೊದಲಿಂದ ಟೈಪ್ ಮಾಡಬೇಕು.

ಖಾತ್ರಿಗೆ ಅಣ್ಣನಿಗೆ ಫೋಟೊ ಕಳಿಸಿ ಫೋನ್ ಮಾಡಿದೆ. "ಬಿ ಕಣೇ ಅದು. ಹಿಂದಕ್ಕೆ ಐದು ಅಂದ್ರೆ ಎಫ್‌ಬಿ, ಡೆಸಿಮಲ್‌ನಲ್ಲಿ 251. ಬಾಯಿಪಾಠ ಆಗಿತ್ತು ನಂಗೆ" ಅಂದ. ಆಮೇಲೆ ಪುಟದ ಉಳಿದ ಬೈಟುಗಳನ್ನೂ ನೋಡದೇ ಹೇಳಿದ. ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದನೋ!

ಟೈಪ್ ಮಾಡುವ ಕಡೆ ಮಾತ್ರ ತಾಳ್ಮೆ ಬೇಕು. ಸ್ಪೆಕ್ಟ್ರಮ್‌ನಲ್ಲಿ ಒಂದೊಂದು ಕೀಲಿಗೆ ಒಂದೊಂದು ಪೂರ್ತಿ ಪದ. ಓ ಒತ್ತಿದರೆ ಪೋಕ್, ಟಿ ಒತ್ತಿದರೆ ರ‍್ಯಾಂಡಮೈಜ್. ಯುಎಸ್ಆರ್‌ಗೆ ಮೊದಲು ಎಕ್ಸ್‌ಟೆಂಡೆಡ್ ಮೋಡಿಗೆ ಹೋಗಿ ಎಲ್ ಒತ್ತಬೇಕು. ಆ ಮೋಡಿಗೆ ಫ್ಯೂಸ್ ಟ್ಯಾಬ್ ಕೀಲಿ ಕೊಟ್ಟಿದೆ, ಹೆಲ್ಪ್ ಮೆನುವಿನಲ್ಲಿ ಕೀಬೋರ್ಡಿನ ಚಿತ್ರವೂ ಇದೆ. ಬೇಸಿಕ್ ಬೇಡ ಅನ್ನುವವರು ಡೀಬಗರ್‌ನಲ್ಲೇ ಸೆಟ್ ಅಂತ ಕೊಟ್ಟು, ಅಡ್ರೆಸ್ ಮತ್ತು ಬೈಟ್ ಬರೆದರೆ ಮುಗಿಯಿತು. ಉದ್ದನೆಯ ಕೋಡ್ ಆದರೆ ಬೈನರಿ ಫೈಲ್ ಮಾಡಿಕೊಂಡು ಫೈಲ್ ಮೆನುವಿನಿಂದ ಒಂದೇ ಸಲ ಮೆಮೊರಿಗೆ ತುಂಬಿಸಬಹುದು.

ಕೊರತೆ ಇಲ್ಲ ಅಂತಲ್ಲ. ಸೂಚನೆಯ ಪಕ್ಕದಲ್ಲಿ ನಮ್ಮದೇ ಟಿಪ್ಪಣಿ ಬರೆದಿಡಲು ಜಾಗ ಇಲ್ಲ. ನಾನು ಪಕ್ಕದಲ್ಲಿ ಪೆನ್ನು ಕಾಗದ ಇಟ್ಟುಕೊಂಡೇ ಕೂರುತ್ತೇನೆ. ಮ್ಯಾನ್ಯುಯಲ್ ಪೂರ್ತಿಯಾಗಿದೆ, ಆದರೆ ಗೊತ್ತಿದ್ದವರಿಗೆ ಗೊತ್ತಾಗುವ ಹಾಗೆ ಬರೆದದ್ದು. ಹೊಸಬರಿಗೆ ಕಷ್ಟ.

ಸ್ಪೆಕ್ಟ್ರಮ್ ಕಂಡಿಲ್ಲದವರಿಗೂ ಒಂದು ಮಾತು. ನಮ್ಮಲ್ಲಿ ಇಂಜಿನಿಯರಿಂಗ್, ಡಿಪ್ಲೊಮಾ ಮಾಡಿದ ಎಷ್ಟೋ ಜನರ ಹತ್ತಿರ 8085 ಲ್ಯಾಬ್ ರೆಕಾರ್ಡ್ ಇನ್ನೂ ಇರುತ್ತದೆ, ಅಲ್ವಾ? 8085 ಮತ್ತು ಝಡ್80 ಎರಡೂ 8080 ಅನ್ನುವ ಹಳೇ ಚಿಪ್ಪಿನ ಮಕ್ಕಳು. ಎಂವಿಐ ಎ (ಎ ರಿಜಿಸ್ಟರಿಗೆ ಸಂಖ್ಯೆ ತುಂಬು) ಅಂದರೂ 3ಇ, ರಿಟರ್ನ್ ಅಂದರೂ ಸಿ9, ಇಲ್ಲೂ ಅವೇ. ಕೂಡುವ, ವಿಂಗಡಿಸುವ ಸಾಮಾನ್ಯ ಪ್ರೋಗ್ರಾಮುಗಳನ್ನು ಅಡ್ರೆಸ್ ಬದಲಿಸಿ ಇಲ್ಲೇ ಓಡಿಸಬಹುದು. ಲ್ಯಾಬ್ ಕಿಟ್ಟಿನ ಡಿಸ್‌ಪ್ಲೇ ರೊಟೀನ್ ಕರೆಯುವಂಥವು ನಡೆಯುವುದಿಲ್ಲ. 20 ಮತ್ತು 30 ಕಂಡರೆ ಹುಷಾರು. 8085ರಲ್ಲಿ ಅವು ರಿಮ್, ಸಿಮ್ ಅನ್ನುವ ಬೇರೆಯೇ ಸೂಚನೆಗಳು. ಝಡ್80ಯಲ್ಲಿ ಅವೇ ಜಿಗಿತದ ಸೂಚನೆಗಳು.

ಓಡಿಸುವ ಮುಂಚೆ ಎಫ್2 ಒತ್ತಿ ಸ್ನ್ಯಾಪ್‌ಶಾಟ್ (ಯಂತ್ರದ ಆ ಕ್ಷಣದ ಸ್ಥಿತಿಯ ನಕಲು) ಉಳಿಸಿಕೊಳ್ಳಿ. ಕೋಡ್ ದಾರಿ ತಪ್ಪಿ ಮೆಮೊರಿಯೆಲ್ಲ ಕಲಸಿಹೋದರೂ ಎಫ್3 ಒತ್ತಿ ಆ ಫೈಲ್ ತೆರೆದರೆ ಟೈಪ್ ಮಾಡಿದ್ದೆಲ್ಲ ಇದ್ದ ಹಾಗೇ ವಾಪಸ್ ಬರುತ್ತದೆ.