ಇಗರ್ಜಿಯೋ, ಸಿಎಸ್‌ಐ ಸಭೆಯೋ: ಸಾವಿನ ಆಚೆ ಏನು?

ಮಂಗಳೂರಿನಲ್ಲಿ ಮದುವೆಯಾಗಿ ಕೆಥೋಲಿಕ್ ಇಗರ್ಜಿಗೆ (ಚರ್ಚಿಗೆ) ಹೋಗಬೇಕೋ, 1834ರಲ್ಲಿ ಬಂದ ಪ್ರೊಟೆಸ್ಟೆಂಟ್ ಬಾಸೆಲ್ ಮಿಷನ್ ಪರಂಪರೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೋ ಎಂದು ಯೋಚಿಸುತ್ತಿದ್ದೀರಾ? ಕ್ರಿಸ್ತ ಮತ್ತೆ ಬರುತ್ತಾನೆ, ಸತ್ತವರು ಎದ್ದು ಬರುತ್ತಾರೆ, ನ್ಯಾಯತೀರ್ಪು ಇದೆ. ಇದರಲ್ಲಿ ಎರಡೂ ಕಡೆ ಒಂದೇ ಮಾತು. ಆ ದಿನ ಯಾವಾಗ ಅಂತ ತಂದೆಗೆ ಮಾತ್ರ ಗೊತ್ತು, ಮತ್ತಾಯ 24:36 ನೋಡಿ.

ವ್ಯತ್ಯಾಸ ಇರುವುದು ಸಾವಿಗೂ ಆ ದಿನಕ್ಕೂ ನಡುವಿನ ಕಾಲದಲ್ಲಿ. ದೇವರ ಕೃಪೆಯಲ್ಲಿ ಸತ್ತರೂ ಪೂರ್ತಿ ಶುದ್ಧವಾಗದ ಆತ್ಮ ಸ್ವರ್ಗ ಸೇರುವ ಮೊದಲು ಶುದ್ಧೀಕರಣ ದಾಟಬೇಕು, ನಮ್ಮ ಪ್ರಾರ್ಥನೆ, ಬಲಿಪೂಜೆ (ಮಾಸ್) ಅದಕ್ಕೆ ನೆರವಾಗುತ್ತದೆ ಅನ್ನುವುದು ಕೆಥೋಲಿಕರ ನಂಬಿಕೆ. ಅದಕ್ಕೇ ಅಲ್ವಾ ಸತ್ತವರನ್ನು ನೆನೆಯುವ ನವೆಂಬರ್ 2ರಂದು ಸಮಾಧಿಗಳ ಮೇಲೆ ಹೂವು, ಗಾಳಿಗೆ ಕೈ ಅಡ್ಡ ಹಿಡಿದು ಹಚ್ಚುವ ಮೇಣದಬತ್ತಿ. ಸಿಎಸ್‌ಐನಲ್ಲಿ ಶುದ್ಧೀಕರಣದ ಮಾತಿಲ್ಲ. ನಂಬಿಕೆಯಿಂದಲೇ ರಕ್ಷಣೆ. ಅಮ್ಮನನ್ನು ಕಳೆದುಕೊಂಡ ನನಗೆ ಆ ಮೇಣದಬತ್ತಿಯೇ ಜಾಸ್ತಿ ಹತ್ತಿರ.